10% ಪಾಲಿಗೆ 6,000 ಯಾಕೆ?

ಮಂಜೇಶ್ವರದವರೇ, ಗೋವಾದ ಪೋಕರ್ ಟೂರ್ನಮೆಂಟಿಗೆ ಎಂಟ್ರಿ 50,000, ಆಡಲು ಹೊರಟ ಗೆಳೆಯ ಗೆದ್ದದ್ದರಲ್ಲಿ 10% ಪಾಲಿಗೆ 6,000 ಕೇಳುತ್ತಿದ್ದಾನೆ, 5,000 ಅಲ್ವಾ ಆಗಬೇಕಾದ್ದು ಅಂತ ಕೇಳಿದ್ದೀರಿ. ಮೋಸ ಏನಲ್ಲ. ಮೇಲಿನ 1,000ಕ್ಕೆ ಮಾರ್ಕಪ್ ಅನ್ನುತ್ತಾರೆ, ಪಳಗಿದ ಕೈಗೆ ಕೊಡುವ ಬೆಲೆ. ಒಂದೊಂದು ಎಂಟ್ರಿಗೆ ಅವನು ಸರಾಸರಿ 60,000ಕ್ಕಿಂತ ಜಾಸ್ತಿ ವಾಪಸ್ ತಂದರೆ ಮಾತ್ರ ನಿಮಗೆ ಲಾಭ. ಹಳೆಯ ಆಟಗಳ ಲೆಕ್ಕ ಕೇಳಿ, ಸೋತದ್ದೂ ಸೇರಿಸಿ. ಅಡಿಕೆ ತೋಟ ಗೇಣಿಗೆ ಹಿಡಿಯುವವರು ಒಂದೇ ವರ್ಷದ ಫಸಲು ನೋಡಿ ರೇಟು ಹೇಳುತ್ತಾರಾ?

ಜಗಳ ಹುಟ್ಟುವುದು ತೆರಿಗೆಯಲ್ಲಿ. 4 ಲಕ್ಷ ಗೆದ್ದು 30% ತೆರಿಗೆ ಹೋದರೆ ಅವನ ಕೈಗೆ 2,80,000. ನಿಮ್ಮ ಪಾಲು 40,000ವೋ 28,000ವೋ? ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ರೀ-ಎಂಟ್ರಿಯದ್ದೂ ಕೇಳಿ. ನಾನೊಮ್ಮೆ ಉಪ್ಪಳದಲ್ಲಿ ಚಾ ಕುಡಿಯುತ್ತಾ ಬಾಯಿಮಾತಲ್ಲೇ 5% ಕೊಂಡಿದ್ದೆ. ಹುಡುಗ ಮೊದಲ ಸಲ ಔಟಾದ, ಮತ್ತೆ ದುಡ್ಡು ಕಟ್ಟಿ ಕೂತು ಗೆದ್ದ. "ಎರಡನೇದರಲ್ಲಿ ನಿಮ್ಮ ಪಾಲಿಲ್ಲ ಅಣ್ಣಾ" ಅಂದ. ಏನು ಹೇಳುವುದು, ಮಾತಾಡಿರಲೇ ಇಲ್ಲ.

ಕೋರ್ಟನ್ನು ನಂಬಿ ಸುಮ್ನೆ ದುಡ್ಡು ಕೊಡಬೇಡಿ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಕರಾರಿಗೆ ಬೆಲೆಯಿಲ್ಲ. ಆನ್‌ಲೈನ್ ಆಟಕ್ಕೆ ಕೇಳಿದರೆ ಬೇಡವೇ ಬೇಡ, ದುಡ್ಡಿನ ಆನ್‌ಲೈನ್ ಆಟವನ್ನು 2025ರ ಕಾಯ್ದೆ ನಿಷೇಧಿಸಿದೆ. ಗೋವಾಕ್ಕೇ ಹೋಗುವುದಾದರೆ 5,500ಕ್ಕೆ ಚೌಕಾಸಿ ಮಾಡಿ ನೋಡಿ, ಗೆಳೆಯ ತಾನೇ.