ನೆಟ್‌ವರ್ಕ್ ಕೋಡಿಂಗ್‌ನಲ್ಲಿ ರಿಲೇ (ನಡುವೆ ನಿಂತು ಸಂದೇಶ ದಾಟಿಸುವ ಸಾಧನ) ಎರಡು ಪ್ಯಾಕೆಟ್ (ಡೇಟಾದ ತುಂಡು) ಬೆರೆಸಿ ಒಂದೇ ಸಲ ಕಳಿಸಿದರೆ ಗೊಂದಲ ಆಗಲ್ವಾ?

ಆಗುವುದಿಲ್ಲ. ಬೆರೆಸಿದ ಎರಡರಲ್ಲಿ ಒಂದು ಪ್ಯಾಕೆಟ್, ಅದನ್ನು ಪಡೆಯುವವರ ಹತ್ತಿರ ಮೊದಲೇ ಇರುತ್ತದೆ. ಗುಟ್ಟು ಇಷ್ಟೇ.

ಎ ಮತ್ತು ಬಿ ಎಂಬ ಎರಡು ವೈರ್‌ಲೆಸ್ ಸಾಧನಗಳು ದೂರದಲ್ಲಿವೆ, ನಡುವೆ ಒಂದು ರಿಲೇ ಇದೆ ಅಂದುಕೊಳ್ಳಿ. ಮಾಮೂಲಿ ದಾರಿಯಲ್ಲಿ ಇಬ್ಬರ ಪ್ಯಾಕೆಟ್ ಅದಲು ಬದಲಾಗಲು 4 ಸರದಿ ಬೇಕು: ಎ ಇಂದ ರಿಲೇಗೆ, ರಿಲೇಯಿಂದ ಬಿಗೆ, ಆಮೇಲೆ ಅದೇ ಕಥೆ ಉಲ್ಟಾ.

ನೆಟ್‌ವರ್ಕ್ ಕೋಡಿಂಗ್‌ನಲ್ಲಿ 3 ಸಾಕು. ಎ 1011 ಕಳಿಸಿತು, ಬಿ 0110 ಕಳಿಸಿತು. ರಿಲೇ ಎರಡನ್ನೂ ಎಕ್ಸ್‌ಆರ್ ಮಾಡುತ್ತದೆ, ಅಂದರೆ ಬಿಟ್‌ಗಳು ಒಂದೇ ಆಗಿದ್ದರೆ 0, ಬೇರೆಯಾದರೆ 1. ಬಂದದ್ದು 1101. ಅದನ್ನು ಒಂದೇ ಸಲ ಗಾಳಿಗೆ ಬಿಡುತ್ತದೆ, ಇಬ್ಬರಿಗೂ ಕೇಳುತ್ತದೆ. ಎ ತನ್ನ 1011ನ್ನು ಅದರ ಜೊತೆ ಮತ್ತೆ ಎಕ್ಸ್‌ಆರ್ ಮಾಡಿದರೆ 0110 ಸಿಕ್ಕಿತು! ಬಿ ಕೂಡ ಹಾಗೆಯೇ. ಪೆನ್ನು ಹಿಡಿದು ಒಮ್ಮೆ ಮಾಡಿ ನೋಡಿ, ಸುಮ್ನೆ ಓದಿದರೆ ಮಜಾ ಇಲ್ಲ.

ಮೂಲ ಸಿದ್ಧಾಂತ 2000ದಲ್ಲಿ ಆಲ್‌ಸ್ವೀಡೆ, ಕಾಯ್, ಲೀ, ಯೂಂಗ್ ಬರೆದ ಪ್ರಬಂಧದ್ದು. 2006ರಲ್ಲಿ ಎಂಐಟಿಯವರ 'ಕೋಪ್' ಎಂಬ ವ್ಯವಸ್ಥೆ ಇದನ್ನು 20 ನೋಡ್‌ಗಳ (ಜಾಲದ ಸಾಧನಗಳ) ನಿಜವಾದ ವೈರ್‌ಲೆಸ್ ಜಾಲದಲ್ಲಿ ಓಡಿಸಿ ತೋರಿಸಿತು.

ಇನ್ನೂ ಮುಂದೆ ಹೋಗಿ, ಎ ಮತ್ತು ಬಿ ಒಟ್ಟಿಗೇ ಕಳಿಸಿ, ಅಲೆಗಳು ಗಾಳಿಯಲ್ಲೇ ಬೆರೆಯಲು ಬಿಟ್ಟರೆ 2 ಸರದಿಯಲ್ಲೇ ಮುಗಿಯುತ್ತದೆ. ಆದರೆ ಇಬ್ಬರ ಸಮಯ, ಫೇಸ್ (ಅಲೆಯ ಏರಿಳಿತದ ಹಂತ) ಸರಿಯಾಗಿ ಹೊಂದಬೇಕು. ತಲೆನೋವು ಜಾಸ್ತಿ ಇರುವುದು ಅಲ್ಲೇ.

ಒಂದು ಮಾತು: ಸಂಚಾರ ಎರಡೂ ಕಡೆಯಿಂದ ಇದ್ದರೆ ಮಾತ್ರ ಈ ಲಾಭ. ಒಬ್ಬರೇ ಕಳಿಸುತ್ತಿದ್ದರೆ ರಿಲೇಗೆ ಬೆರೆಸಲು ಏನಿದೆ?