ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಕಮ್ಯುನಿಸ್ಟ್ ಪಕ್ಷದ ಮಾತೇಕೆ?

ಪ್ರಶ್ನೆ: ನಮ್ಮ ಅಕ್ಕನ ಮಗ ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗೆ ಅರ್ಜಿ ತುಂಬುತ್ತಿದ್ದಾನೆ. ಎಂದಾದರೂ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರಾ ಎಂದು ಅದರಲ್ಲಿ ಕೇಳಿದ್ದಾರಂತೆ. ಸೋವಿಯತ್ ಒಕ್ಕೂಟವೇ ಹೋಗಿ ಮೂವತ್ತು ವರ್ಷ ದಾಟಿತು. ಈಗಲೂ ಇದೇಕೆ? ಕಾಲೇಜಿನಲ್ಲಿದ್ದಾಗ ಅವನು ಸ್ವಲ್ಪ ಕಾಲ ಪಕ್ಷದಲ್ಲಿದ್ದ. ತೊಂದರೆ ಆಗುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಈ ಪ್ರಶ್ನೆ ಹುಟ್ಟಿದ್ದು ಎರಡನೇ ಮಹಾಯುದ್ಧದ ನಂತರದ ಭಯದಲ್ಲಿ. 1949ರಲ್ಲಿ ರಷ್ಯಾ ಅಣುಬಾಂಬ್ ಪರೀಕ್ಷೆ ಮಾಡಿತು, ಚೀನಾದಲ್ಲಿ ಮಾವೋ ಅಧಿಕಾರಕ್ಕೆ ಬಂದರು. ಮರುವರ್ಷ ಕೊರಿಯಾ ಯುದ್ಧ. ಅದೇ 1950ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಆಂತರಿಕ ಭದ್ರತಾ ಕಾಯ್ದೆ ಮಾಡಿ, ಕಮ್ಯುನಿಸ್ಟ್ ಪಕ್ಷದ ಸದಸ್ಯರಾದ ವಿದೇಶಿಯರಿಗೆ ಬಾಗಿಲು ಮುಚ್ಚಿತು. ಏನು ಮಾಡಿದ್ದೀರಿ ಎನ್ನುವುದಕ್ಕಿಂತ ಯಾವ ಪಕ್ಷದಲ್ಲಿದ್ದಿರಿ ಎನ್ನುವುದೇ ಮುಖ್ಯವಾಯಿತು. 1952ರ ಮೆಕ್‌ಕ್ಯಾರನ್–ವಾಲ್ಟರ್ ಕಾಯ್ದೆ ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ಅಧ್ಯಕ್ಷ ಟ್ರೂಮನ್ ಎರಡಕ್ಕೂ ಸಹಿ ಹಾಕಲಿಲ್ಲ. ಸಂಸತ್ತು ಎರಡು ಸಲವೂ ಅವರ ವಿಟೋವನ್ನು, ಅಂದರೆ ತಡೆಯನ್ನು, ಮೀರಿ ಕಾಯ್ದೆ ಮಾಡಿತು.

ಆ ಅನುಮಾನ ಎಷ್ಟು ದೂರ ಹೋಗಿತ್ತು ಎನ್ನುವುದಕ್ಕೆ ಎಲೆನ್ ನಾಫ್ ಅವರ ಪ್ರಕರಣ ನೋಡಿ. ಆಕೆ ಜರ್ಮನಿಯಲ್ಲಿ ಹುಟ್ಟಿದವರು. ಯುದ್ಧದ ವೇಳೆ ಬ್ರಿಟನ್ನಿನ ವಾಯುಪಡೆಯಲ್ಲಿ ದುಡಿದವರು. ಅಮೆರಿಕದ ಮಾಜಿ ಸೈನಿಕರೊಬ್ಬರನ್ನು ಮದುವೆಯಾಗಿ 1948ರಲ್ಲಿ ನ್ಯೂಯಾರ್ಕ್‌ಗೆ ಬಂದರು. ಹಡಗಿನಿಂದ ಇಳಿದವರನ್ನು ಅಲ್ಲಿನ ವಲಸೆ ತಪಾಸಣಾ ಕೇಂದ್ರವಾದ ಎಲ್ಲಿಸ್ ದ್ವೀಪದಲ್ಲಿ ತಡೆದರು. ಕಾರಣ ಹೇಳಲಿಲ್ಲ, ವಿಚಾರಣೆಯೂ ಇಲ್ಲ. ದೇಶದ ಭದ್ರತೆ ಎಂದಷ್ಟೇ ಹೇಳಿದರು. 1950ರಲ್ಲಿ ಸುಪ್ರೀಂ ಕೋರ್ಟ್ ಕೂಡ 4–3ರಿಂದ ಸರ್ಕಾರದ ಪರ ನಿಂತಿತು. ಸಾಕ್ಷ್ಯ ಗುಟ್ಟಾಗಿದ್ದರೆ ಚಾಡಿಕೋರರಿಗೆ ಭಯವೇ ಇರುವುದಿಲ್ಲ ಎಂದು ನ್ಯಾಯಮೂರ್ತಿ ಜಾಕ್ಸನ್ ಭಿನ್ನ ತೀರ್ಪು ಬರೆದರು. ಪತ್ರಿಕೆಗಳು ಗದ್ದಲ ಎಬ್ಬಿಸಿದ ಮೇಲೆ 1951ರಲ್ಲಿ ವಿಚಾರಣೆ ನಡೆಯಿತು. ಸಿಕ್ಕಿದ್ದು ಅವರಿವರ ಬಾಯಿಮಾತು ಮಾತ್ರ. ಆ ವರ್ಷದ ಕೊನೆಗೆ ಆಕೆಯನ್ನು ಒಳಗೆ ಬಿಟ್ಟರು. ಮದುವೆಯಾದ ಹೆಂಗಸೊಬ್ಬಳು ಗಂಡನ ಮನೆ ಸೇರಲು ಮೂರು ವರ್ಷ! ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಇದು ಬರೀ ಕಮ್ಯುನಿಸಂನ ಭಯ ಆಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಯಾವ ಜನ ಬರಬೇಕು, ಯಾರು ಬೇಡ ಎಂಬ ಹಳೆಯ ಲೆಕ್ಕಾಚಾರ 1924ರಿಂದಲೇ ಕಾನೂನಿನಲ್ಲಿತ್ತು. ಅದನ್ನು ಕೈಬಿಡದಿರಲು ಈಗ ಭದ್ರತೆ ಎಂಬ ಹೊಸ ಕಾರಣ ಸಿಕ್ಕಿತು. 1952ರ ಕಾಯ್ದೆಯಲ್ಲಿ ಬ್ರಿಟನ್ನಿಗೆ ವರ್ಷಕ್ಕೆ 65,000ಕ್ಕೂ ಜಾಸ್ತಿ ಜಾಗ, ಭಾರತಕ್ಕೆ 100. ಲಂಡನ್‌ನಲ್ಲೇ ಹುಟ್ಟಿದ್ದರೂ ಅಪ್ಪ ಅಮ್ಮ ಭಾರತೀಯರಾಗಿದ್ದರೆ ಆ ನೂರರಲ್ಲೇ ಲೆಕ್ಕ. ಬ್ರಿಟನ್ನಿನ ಪಾಲು ಭರ್ತಿಯಾಗದೆ ಉಳಿದರೂ ಅದು ಬೇರೆಯವರಿಗೆ ಸಿಗುತ್ತಿರಲಿಲ್ಲ. 1965ರಲ್ಲಿ ಕಾನೂನು ಬದಲಾದ ಮೇಲೆಯೇ ನಮ್ಮ ಡಾಕ್ಟರುಗಳು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಿದ್ದು.

1990ರಲ್ಲಿ ವಿಚಾರಗಳ ಕಾರಣಕ್ಕೆ ತಡೆಯುವ ನಿಯಮಗಳನ್ನು ಬಹಳಷ್ಟು ಸಡಿಲಿಸಿದರು. ಆದರೆ ಕಾಯಂ ನೆಲೆಸಲು, ಅಂದರೆ ಗ್ರೀನ್ ಕಾರ್ಡ್ ಪಡೆಯಲು, ಬಯಸುವವರಿಗೆ ಪಕ್ಷದ ಸದಸ್ಯತ್ವದ ಅಡ್ಡಿ ಹಾಗೇ ಉಳಿಯಿತು. ಅದಕ್ಕೇ ಅರ್ಜಿಯಲ್ಲಿ ಆ ಪ್ರಶ್ನೆ.

ಇನ್ನು ನಿಮ್ಮ ಅಕ್ಕನ ಮಗನ ವಿಷಯ. ಗಾಬರಿ ಬೇಡ, ಕಾನೂನಿನಲ್ಲಿ ವಿನಾಯಿತಿಗಳಿವೆ. 16 ವರ್ಷ ತುಂಬುವ ಮೊದಲಿನ ಸದಸ್ಯತ್ವ ಲೆಕ್ಕಕ್ಕಿಲ್ಲ. ಒತ್ತಾಯಕ್ಕೋ, ಕೆಲಸಕ್ಕೋ, ರೇಷನ್ನಿಗೋ ಸೇರಿದ್ದರೂ ವಿನಾಯಿತಿ ಇದೆ. ಇದು ಪೂರ್ವ ಯೂರೋಪಿನಂಥ ಕಡೆಯವರನ್ನು ನೆನೆದು ಇಟ್ಟಿದ್ದು. ಇವನಿಗೆ ಅನ್ವಯಿಸಬಹುದಾದದ್ದು ಬೇರೆ: ಅರ್ಜಿಗೆ ಕನಿಷ್ಠ 2 ವರ್ಷ ಮೊದಲೇ ಪಕ್ಷ ಬಿಟ್ಟಿರಬೇಕು. ಸರ್ವಾಧಿಕಾರಿ ಸರ್ಕಾರ ನಡೆಸುವ ಪಕ್ಷವಾದರೆ 5 ವರ್ಷ, ಆದರೆ ಭಾರತದ ಪಕ್ಷಗಳು ಆ ಪೈಕಿ ಅಲ್ಲ. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಹಿಂದಿನ 10 ವರ್ಷಗಳಲ್ಲಿ ಪಕ್ಷದಲ್ಲಿದ್ದನೇ ಎಂದು ನೋಡುತ್ತಾರೆ, ಅದು ನೆನಪಿರಲಿ. ಸುಮ್ನೆ ‘ಇಲ್ಲ’ ಎಂದು ಗುರುತು ಹಾಕುವುದು ಮಾತ್ರ ಬೇಡ. ಸುಳ್ಳು ಹೇಳಿದ್ದು ಗೊತ್ತಾದರೆ ಅದೇ ದೊಡ್ಡ ಅಡ್ಡಿಯಾಗುತ್ತದೆ. ಸೇರಿದ, ಬಿಟ್ಟ ದಿನಾಂಕ ಬರೆದಿಟ್ಟುಕೊಂಡು, ಅರ್ಜಿ ಕಳಿಸುವ ಮುಂಚೆ ಅಲ್ಲಿನ ವಲಸೆ ವಕೀಲರೊಬ್ಬರಿಗೆ ತೋರಿಸಲಿ.