ಬಿ.ಕಾಂ ಪುಸ್ತಕಕ್ಕೆ ಇಷ್ಟು ಪ್ರಕಾಶಕರಿದ್ದರೂ ಬೆಲೆ ಯಾಕೆ ಇಳಿಯಲ್ಲ?

ಮಗಳು ಮೈಸೂರಲ್ಲಿ ಬಿ.ಕಾಂ ಮೊದಲ ವರ್ಷ, ಲೆಕ್ಚರರ್ ಹೇಳಿದ ಪುಸ್ತಕವನ್ನೇ ತರಬೇಕಂತೆ, ಅಂಗಡಿಯಲ್ಲಿ ನೋಡಿದರೆ ಒಂದೇ ಸಬ್ಜೆಕ್ಟಿಗೆ ನಾಲ್ಕೈದು ಪ್ರಕಾಶಕರು, ಬೆಲೆ ಮಾತ್ರ ಎಲ್ಲರದೂ ಹೆಚ್ಚುಕಮ್ಮಿ ಒಂದೇ. ಇಷ್ಟು ಪೈಪೋಟಿ ಇದ್ದೂ ಹೀಗ್ಯಾಕೆ ಅಂತ ಕೇಳಿದ್ದೀರಿ. ನಾನು ಇದೇ ಊರಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ, ಒಳಗಿನ ಕಥೆ ಹೇಳುತ್ತೇನೆ.

ಪೈಪೋಟಿ ಜೋರಾಗಿಯೇ ಇದೆ. ಅದು ನಡೆಯುವುದು ನಮ್ಮ ಸ್ಟಾಫ್ ರೂಮಿನಲ್ಲಿ. ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಪ್ರಕಾಶಕರ ಕಡೆಯವರು ಭಾರದ ಬ್ಯಾಗ್ ಹೊತ್ತು ಬರುತ್ತಾರೆ. ‘ಸ್ಪೆಸಿಮೆನ್ ಕಾಪಿ, ಮಾರಾಟಕ್ಕಲ್ಲ’ ಅಂತ ಸೀಲ್ ಒತ್ತಿದ ಪುಸ್ತಕವನ್ನು ಮೇಜಿನ ಮೇಲೆ ಒಂದೊಂದೇ ಇಡುತ್ತಾರೆ. ನಾವು ಕೊನೆಯಿಂದ ತಿರುವುತ್ತೇವೆ. ಯೂನಿವರ್ಸಿಟಿಯ ಹಳೇ ಪ್ರಶ್ನೆಪತ್ರಿಕೆ ಇವೆಯಾ, ಬಿಡಿಸಿದ ಲೆಕ್ಕ ಎಷ್ಟಿದೆ, ಯೂನಿಟ್‌ಗಳು ಸಿಲಬಸ್ ಕ್ರಮದಲ್ಲೇ ಇವೆಯಾ. ಬೆಲೆ ಕೇಳುವವರು ಅಪರೂಪ. ದುಡ್ಡು ಕೊಡೋದು ನಾವಲ್ಲವಲ್ಲ! ಡಾಕ್ಟರ್ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದ ಹಾಗೆ ನಿಮ್ಮ ಸ್ಥಿತಿ. ಅಮೆರಿಕದಲ್ಲೂ ಇದೇ ಗೋಳು. ಅಲ್ಲಿ 2008ರ ಕಾಯ್ದೆಯೊಂದು, ಅಧ್ಯಾಪಕರಿಗೆ ಪುಸ್ತಕ ತೋರಿಸುವಾಗ ಬೆಲೆಯನ್ನೂ ಹೊಸ ಎಡಿಷನ್‌ನಲ್ಲಿ ಏನು ಬದಲಾಗಿದೆ ಅನ್ನೋದನ್ನೂ ಪ್ರಕಾಶಕರು ತಿಳಿಸಲೇಬೇಕು ಅಂತ ಹೇಳುತ್ತದೆ.

ತೆರಿಗೆಯ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ, ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿಯೇ ಇಲ್ಲ. ತಮಾಷೆ ನೋಡಿ, ವಿಶ್ವವಿದ್ಯಾನಿಲಯದ ಪ್ರಸಾರಾಂಗವೇ, ಅಂದರೆ ಅದರ ಪ್ರಕಟಣಾ ವಿಭಾಗವೇ, ತರುವ ಕನ್ನಡ ಭಾಷಾ ಪಠ್ಯಕ್ಕೆ ಪೈಪೋಟಿಯೇ ಇಲ್ಲ, ಆದರೂ ಅದು ಅಗ್ಗ.

ಈಗ ಮಗಳ ವಿಷಯ. ಹಳೇ ಪುಸ್ತಕ ಧಾರಾಳವಾಗಿ ತಗೊಳ್ಳಿ, ಸಬ್ಜೆಕ್ಟ್ ನೋಡಿ ತಗೊಳ್ಳಿ. 2021ರಲ್ಲಿ ರಾಜ್ಯದ ಡಿಗ್ರಿಗೆ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂತು, 2024–25ರಿಂದ ರಾಜ್ಯ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು, ಸಿಲಬಸ್ ಎರಡು ಸಲವೂ ಬದಲಾಯಿತು. ಹಾಗಾಗಿ ಎನ್‌ಇಪಿ ಕಾಲದ ಪುಸ್ತಕದ ರಟ್ಟಿನ ಮೇಲೆ ‘ಹೊಸ ಸಿಲಬಸ್’ ಅಂತಿದ್ದರೂ ನಂಬಬೇಡಿ, ಯೂನಿಟ್‌ಗಳನ್ನು ಒಂದೊಂದೇ ತಾಳೆ ನೋಡಿ. ಫೈನಾನ್ಷಿಯಲ್ ಅಕೌಂಟಿಂಗ್‌ನಲ್ಲಿ ಯೂನಿಟ್‌ಗಳು ಹಿಂದೆ ಮುಂದೆ ಆಗಿರಬಹುದು. ಆದರೆ ಕನ್ಸೈನ್‌ಮೆಂಟ್ ಲೆಕ್ಕ (ಏಜೆಂಟನಿಗೆ ಮಾರಲು ಕಳಿಸಿದ ಸರಕಿನ ಲೆಕ್ಕ) ನಾನು ಓದುವಾಗ ಹೇಗಿತ್ತೋ ಈಗಲೂ ಹಾಗೇ ಇದೆ. ಸೀನಿಯರ್ ಪುಸ್ತಕದಲ್ಲಿ ಅಂಚಿನಲ್ಲಿ ಪೆನ್ಸಿಲ್‌ನಿಂದ ವರ್ಕಿಂಗ್ ನೋಟ್ ಬರೆದಿದ್ದರಂತೂ ಹೊಸದಕ್ಕಿಂತ ಅದೇ ವಾಸಿ.

ಇನ್‌ಕಮ್ ಟ್ಯಾಕ್ಸ್ ಪೇಪರ್ ಬಂದಾಗ ಮಾತ್ರ ಈ ಜಾಣತನ ಬೇಡ. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ ನಂಬರುಗಳೇ ಬದಲಾಗಿವೆ. ಮೊದಲು ಸಿಲಬಸ್‌ನಲ್ಲಿ ಯಾವ ಕಾಯ್ದೆ ಇದೆ ನೋಡಿ, ಆಮೇಲೆ ಅದಕ್ಕೆ ತಕ್ಕ ಹೊಸ ಪುಸ್ತಕ ಕೊಳ್ಳಿ.

ಕ್ಲಾಸ್ ಶುರುವಾಗಿ ಒಂದೆರಡು ವಾರ ಆಗುವವರೆಗೆ ಏನೂ ಕೊಳ್ಳಬೇಡಿ. ಲೆಕ್ಚರರ್ ನಿಜಕ್ಕೂ ಆ ಪುಸ್ತಕದಿಂದಲೇ ಲೆಕ್ಕ ಮಾಡಿಸುತ್ತಾರಾ ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ. ಕೊಳ್ಳಲೇಬೇಕು ಅಂತಾದರೆ ಗೆಳತಿಯರು ಐದಾರು ಜನ ಸೇರಿ ಒಂದೇ ಅಂಗಡಿಯಲ್ಲಿ ಕೇಳಲಿ. ಎಂಆರ್‌ಪಿ ಅನ್ನೋದು ಗರಿಷ್ಠ ಬೆಲೆ ಅಷ್ಟೇ, ಚೌಕಾಸಿ ಮಾಡಿದರೆ ಡಿಸ್ಕೌಂಟ್ ಜಾಸ್ತಿಯೇ ಸಿಗುತ್ತದೆ.